ಪಿಎಂಡಿ, ಸಿಡಿಆರ್, ಡಿಎಟಿ: ಅಪ್ಪನ ಹಳೆಯ ಸಿಡಿಯಲ್ಲಿರುವ ಫೈಲುಗಳನ್ನು ತೆರೆಯುವುದು ಹೇಗೆ?

ಪ್ರಶ್ನೆ: ನಮ್ಮ ತಂದೆ ತೀರ್ಥಹಳ್ಳಿ ಕಡೆ ಡಿಟಿಪಿ ಅಂಗಡಿ ಇಟ್ಟುಕೊಂಡಿದ್ದರು. 2003ರಲ್ಲಿ ನಮ್ಮೂರ ಶಾಲೆಯ ಸುವರ್ಣ ಮಹೋತ್ಸವಕ್ಕೆ ಬಂದ ಸ್ಮರಣ ಸಂಚಿಕೆಯನ್ನು ಅವರೇ ಟೈಪ್ ಮಾಡಿ ಪುಟ ಕಟ್ಟಿದ್ದರು. ಈಗ ಅಮೃತ ಮಹೋತ್ಸವದ ತಯಾರಿ ನಡೆದಿದೆ. ಹಳೆಯ ಸಂಚಿಕೆಯ ಲೇಖನಗಳಲ್ಲಿ ಕೆಲವನ್ನು ಹೊಸದರಲ್ಲಿ ಸೇರಿಸಬೇಕೆಂದು ಎಲ್ಲರ ಆಸೆ. ಅಪ್ಪನ ಪೆಟ್ಟಿಗೆಯಲ್ಲಿ ಎರಡು ಸಿಡಿ ಸಿಕ್ಕಿವೆ. ಒಂದರಲ್ಲಿ ಪಿಎಂಡಿ, ಪಿ65, ಸಿಡಿಆರ್ ಎಂದು ಕೊನೆಯಾಗುವ ಫೈಲುಗಳೂ ‘ಮುನ್ನುಡಿ.ಫೈನಲ್’ ಎಂಬ ಒಂದು ಫೈಲೂ ಇವೆ. ಇನ್ನೊಂದರಲ್ಲಿ ಡಿಎಟಿ ಎಂಬ ಭಾರಿ ಗಾತ್ರದ ಫೈಲ್ ಇದೆ. ಯಾವುದೂ ತೆರೆಯುತ್ತಿಲ್ಲ. ಪಿಎಂಡಿ ಎಂಬುದನ್ನು ಡಾಕ್ ಎಂದು ಬದಲಿಸಿ ನೋಡಿದೆ. ಫೈಲ್ ಹಾಳಾಗಿದೆ ಎಂದು ವರ್ಡ್ ಹೇಳಿತು. ಆನ್‌ಲೈನ್ ಕನ್ವರ್ಟರ್‌ಗೆ ಹಾಕಬಹುದೇ?

ಉತ್ತರ: ಫೈಲ್ ಹಾಳಾಗಿಲ್ಲ. ‘ನಾನು ಓದಬಲ್ಲ ಬಗೆಯ ಫೈಲ್ ಇದಲ್ಲ’ ಎನ್ನುವುದನ್ನೇ ವರ್ಡ್ ಹಾಗೆ ಹೇಳುತ್ತದೆ. ಹೆಸರನ್ನು ಮತ್ತೆ ಪಿಎಂಡಿ ಎಂದೇ ಮಾಡಿಬಿಡಿ, ಮೊದಲಿನಂತಾಗುತ್ತದೆ.

ನಿಮ್ಮ ಮುಂದೆ ಎರಡು ತೊಡಕುಗಳಿವೆ. ಫೈಲ್ ತೆರೆಯುತ್ತಿಲ್ಲ ಎನ್ನುವುದು ಒಂದು. ತೆರೆದ ಮೇಲೂ ಒಳಗಿನ ಕನ್ನಡ ಕನ್ನಡವಾಗಿ ಕೈಗೆ ಸಿಗುವುದಿಲ್ಲ ಎನ್ನುವುದು ಇನ್ನೊಂದು. ನೀವಿನ್ನೂ ಮೊದಲನೆಯದರಲ್ಲೇ ಇದ್ದೀರಿ. ಆದರೆ ನಿಮ್ಮ ಸಮಯವನ್ನೆಲ್ಲ ತಿನ್ನುವುದು ಎರಡನೆಯದು. ಹಾಗಾಗಿ ಅದನ್ನೇ ಹೆಚ್ಚು ಬಿಡಿಸಿ ಬರೆಯುತ್ತೇನೆ.

ಬೇರೆಲ್ಲಕ್ಕಿಂತ ಮೊದಲು ಎರಡೂ ಸಿಡಿಗಳನ್ನು ಪೂರ್ತಿಯಾಗಿ ಕಂಪ್ಯೂಟರಿಗೆ ಕಾಪಿ ಮಾಡಿ. ಅದರದೊಂದು ಪ್ರತಿಯನ್ನು ಪೆನ್‌ಡ್ರೈವಿಗೂ ಹಾಕಿಡಿ. ಇಪ್ಪತ್ತು ವರ್ಷ ದಾಟಿದ, ಮನೆಯಲ್ಲೇ ಬರೆದ ಸಿಡಿಯನ್ನು ಪದೇ ಪದೇ ಡ್ರೈವಿಗೆ ಹಾಕಿ ತೆಗೆಯುವುದು ಒಳ್ಳೆಯದಲ್ಲ; ಅದೂ ಮಲೆನಾಡಿನ ತೇವದಲ್ಲಿ ಇದ್ದದ್ದು. ಒಂದು ಡ್ರೈವ್ ಓದದಿದ್ದರೆ ಇನ್ನೊಂದರಲ್ಲಿ ನೋಡಿ. ಹಳೆಯ ಡೆಸ್ಕ್‌ಟಾಪಿನ ಡ್ರೈವ್ ಓದಿದ್ದನ್ನು ಹೊಸ ಯುಎಸ್‌ಬಿ ಡ್ರೈವ್ ಓದದೇ ಹೋಗುವುದುಂಟು. ಇನ್ನು ಮುಂದಿನ ಪ್ರಯೋಗಗಳೆಲ್ಲ ಕಾಪಿಯ ಮೇಲೆ ಮಾತ್ರ.

ಆಮೇಲೆ ವಿಂಡೋಸ್ ಮುಚ್ಚಿಡುವುದನ್ನು ತೆರೆದು ತೋರಿಸುವಂತೆ ಮಾಡಿ. ತನಗೆ ಗೊತ್ತಿರುವ ಎಕ್ಸ್‌ಟೆನ್ಶನ್‌ಗಳನ್ನು, ಅಂದರೆ ಹೆಸರಿನಲ್ಲಿ ಕೊನೆಯ ಚುಕ್ಕಿಯ ಆಚೆ ಬರುವ ಅಕ್ಷರಗಳನ್ನು, ವಿಂಡೋಸ್ ತೋರಿಸುವುದಿಲ್ಲ. ವಿಂಡೋಸ್ 11ರಲ್ಲಿ ಫೈಲ್ ಎಕ್ಸ್‌ಪ್ಲೋರರಿನ ‘ವ್ಯೂ’ ಒತ್ತಿ, ‘ಶೋ’ಗೆ ಹೋಗಿ, ‘ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್’ಗೆ ಟಿಕ್ ಹಾಕಿ. ವಿಂಡೋಸ್ 10ರಲ್ಲಿ ಅದೇ ಟಿಕ್ ‘ವ್ಯೂ’ ಪಟ್ಟಿಯಲ್ಲೇ ಮೇಲೆ ಕಾಣುತ್ತದೆ. ಇದನ್ನು ಎಲ್ಲರೂ ಮಾಡಿಟ್ಟುಕೊಳ್ಳಬೇಕು ಎನ್ನುತ್ತೇನೆ, ಹಳೆಯ ಸಿಡಿ ಇರಲಿ ಇಲ್ಲದಿರಲಿ. 2000ದ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಹರಡಿದ ‘ಐ ಲವ್ ಯು’ ವೈರಸ್ ಬಂದದ್ದು ಪ್ರೇಮಪತ್ರದ ಹೆಸರಿನ ಟಿಎಕ್ಸ್‌ಟಿ ಫೈಲಿನ ವೇಷದಲ್ಲಿ. ಹೆಸರಿನ ತುದಿಯಲ್ಲಿದ್ದ ವಿಬಿಎಸ್ ಎಂಬ ನಿಜವಾದ ಎಕ್ಸ್‌ಟೆನ್ಶನ್ ಜನರಿಗೆ ಕಾಣಿಸಲೇ ಇಲ್ಲ. ಈಗ ವಾಟ್ಸ್‌ಆ್ಯಪಿನಲ್ಲಿ ಮದುವೆ ಕರೆಯೋಲೆ ಎಂದು ಬರುವ ಎಪಿಕೆ ಫೈಲುಗಳದ್ದೂ ಅದೇ ಉಪಾಯ. ಕರೆಯೋಲೆ ಪಿಡಿಎಫ್ ಆಗಿರಬಹುದು, ಚಿತ್ರವೋ ವಿಡಿಯೊವೋ ಆಗಿರಬಹುದು. ಎಪಿಕೆ ಎಂದರೆ ಫೋನಿಗೆ ಹಾಕುವ ಆ್ಯಪ್. ಆ್ಯಪ್ ಕಳಿಸಿ ಮದುವೆಗೆ ಕರೆಯುವವರು ಯಾರೂ ಇಲ್ಲ.

ಎಕ್ಸ್‌ಟೆನ್ಶನ್ ಎನ್ನುವುದು ಹೆಸರಿನ ಒಂದು ಭಾಗ, ಅಷ್ಟೇ. ಯಾವ ಪ್ರೋಗ್ರಾಂಗೆ ಫೈಲನ್ನು ಒಪ್ಪಿಸಬೇಕು ಎಂದು ವಿಂಡೋಸ್ ಅದನ್ನು ನೋಡಿ ತೀರ್ಮಾನಿಸುತ್ತದೆ. ಫೈಲಿನ ನಿಜವಾದ ಗುರುತು ಇರುವುದು ಒಳಗೆ, ಬಹುಪಾಲು ಮೊದಲ ಕೆಲವೇ ಅಕ್ಷರಗಳಲ್ಲಿ. ಪಿಡಿಎಫ್ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ಮೊದಲು ಕಾಣುವುದು ಶೇಕಡಾ ಚಿಹ್ನೆ, ಅದರ ಬೆನ್ನಿಗೆ ಪಿಡಿಎಫ್ ಎಂಬ ಮೂರು ಅಕ್ಷರ. ಜಿಪ್ ಫೈಲ್ ಶುರುವಾಗುವುದು ‘ಪಿಕೆ’ ಎಂದು. ಆ ವಿಧಾನ ಹುಟ್ಟುಹಾಕಿದ ಫಿಲ್ ಕಾಟ್ಜ್ ಅವರ ಇನಿಷಿಯಲ್ ಅದು. ವರ್ಡಿನ ಡಾಕ್ಸ್, ಎಕ್ಸೆಲ್ಲಿನ ಎಕ್ಸ್‌ಎಲ್‌ಎಸ್‌ಎಕ್ಸ್, ಇ-ಪುಸ್ತಕದ ಇಪಬ್, ಈಗ ಹೇಳಿದ ಎಪಿಕೆ, ಇವೆಲ್ಲದರ ಆರಂಭದಲ್ಲೂ ‘ಪಿಕೆ’ಯೇ ಸಿಗುತ್ತದೆ. ಏಕೆಂದರೆ ಒಳಗೆ ಇವೆಲ್ಲ ಜಿಪ್ ಕಟ್ಟುಗಳೇ. ವಿಂಡೋಸಿನ ಪ್ರೋಗ್ರಾಂ ಫೈಲ್ ‘ಎಂಜೆಡ್’ ಎಂದು ಶುರುವಾಗುತ್ತದೆ. ಫೋಟೊ ಎಂದು ಬಂದ ಫೈಲಿನ ತಲೆಯಲ್ಲಿ ಎಂಜೆಡ್ ಕಂಡರೆ ಕೂಡಲೇ ಅಳಿಸಿ.

ಹೀಗೆ ನೋಟ್‌ಪ್ಯಾಡಿನಲ್ಲಿ ಇಣುಕಿ ನೋಡುವಾಗ ಒಂದೇ ಎಚ್ಚರ: ಮುಚ್ಚುವಾಗ ಸೇವ್ ಮಾಡಬೇಡಿ. ಪಠ್ಯವಲ್ಲದ ಫೈಲನ್ನು ನೋಟ್‌ಪ್ಯಾಡ್ ಸೇವ್ ಮಾಡಿತೆಂದರೆ ಅದು ಕೆಟ್ಟಿತೆಂದೇ ಲೆಕ್ಕ. ‘ಈ ಬಗೆಯ ಫೈಲನ್ನು ಯಾವಾಗಲೂ ಇದರಲ್ಲೇ ತೆರೆ’ ಎಂಬ ಟಿಕ್ ಕೂಡ ಬೇಡ. ಕಣ್ಣಳತೆಗೆ ಸಿಗದಿದ್ದರೆ ಟ್ರಿಡ್ ಎಂಬ ಪುಟ್ಟ ಉಚಿತ ಪ್ರೋಗ್ರಾಂ ಇದೆ. ಫೈಲಿನ ಒಳಗುರುತು ನೋಡಿ ಇದು ಇಂಥದ್ದಿರಬಹುದು ಎಂದು ಪಟ್ಟಿ ಕೊಡುತ್ತದೆ. ಲಿನಕ್ಸ್ ಬಳಸುವವರಿಗೆ ‘ಫೈಲ್’ ಎಂಬ ಕಮಾಂಡೇ ಸಾಕು.

ನಿಮ್ಮ ‘ಮುನ್ನುಡಿ.ಫೈನಲ್’ ಇದಕ್ಕೆ ಒಳ್ಳೆಯ ಉದಾಹರಣೆ. ಫೈನಲ್ ಎಂಬ ಎಕ್ಸ್‌ಟೆನ್ಶನ್ ಇಲ್ಲ. ಕೊನೆಯ ತಿದ್ದುಪಡಿ ಆದದ್ದು ಇದು ಎಂದು ಗುರುತಿಗೆ ನಿಮ್ಮ ತಂದೆಯವರು ಹೆಸರು ಬದಲಿಸಿ ಒಂದು ಚುಕ್ಕಿ ಇಟ್ಟಿರಬೇಕು. ಚುಕ್ಕಿಯ ಆಚೆಯದೆಲ್ಲ ಎಕ್ಸ್‌ಟೆನ್ಶನ್ ಎಂದು ವಿಂಡೋಸ್ ತಿಳಿದುಕೊಂಡಿದೆ. ಕಾಪಿಯನ್ನು ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ಪುಷ್ಪಾವರಣದ ಚಿಹ್ನೆ, ಬ್ಯಾಕ್‌ಸ್ಲ್ಯಾಶ್, ಆಮೇಲೆ ಆರ್‌ಟಿಎಫ್ ಎಂದು ಕಂಡರೆ ಅದು ರಿಚ್ ಟೆಕ್ಸ್ಟ್. ಹೆಸರಿನ ತುದಿಗೆ ಆರ್‌ಟಿಎಫ್ ಸೇರಿಸಿ ವರ್ಡಿನಲ್ಲಾಗಲಿ ಲಿಬ್ರೆ ಆಫೀಸಿನಲ್ಲಾಗಲಿ ತೆರೆಯಬಹುದು. ಹೆಸರು ಬದಲಿಸುವುದರಿಂದ ಕೆಲಸ ಆಗುವುದು ಇಂಥ ಕಡೆ ಮಾತ್ರ, ಅಂದರೆ ಒಳಗಿರುವುದಕ್ಕೆ ಸರಿಯಾದ ಹೆಸರು ಕೊಟ್ಟಾಗ. ಪಿಎಂಡಿಯನ್ನು ಡಾಕ್ ಎಂದು ಕರೆದರೆ ಒಳಗಿನದು ಬದಲಾಗುವುದಿಲ್ಲ.

ಪಿ65 ಎಂದರೆ ಪೇಜ್‌ಮೇಕರ್ 6.5, ಪಿಎಂಡಿ ಎಂದರೆ ಪೇಜ್‌ಮೇಕರ್ 7. ಆಲ್ಡಸ್ ಕಂಪನಿ 1985ರಲ್ಲಿ ಹೊರತಂದ ಈ ಪ್ರೋಗ್ರಾಂ 1994ರಲ್ಲಿ ಅಡೋಬಿಯ ಪಾಲಾಯಿತು. 2001ರ ಏಳನೆಯ ಆವೃತ್ತಿಯೇ ಕೊನೆಯದು. ಕರ್ನಾಟಕದಲ್ಲಿ ಆಮಂತ್ರಣ ಪತ್ರಿಕೆಯಿಂದ ಹಿಡಿದು ಕವನ ಸಂಕಲನದವರೆಗೆ ಎಷ್ಟೋ ಪುಟಗಳು ಇದರಲ್ಲೇ ಕಟ್ಟಿದವು. ಅಡೋಬಿ ಅದರ ಜಾಗಕ್ಕೆ ತಂದ ಇನ್‌ಡಿಸೈನ್ ಹಳೆಯ ಫೈಲುಗಳನ್ನು ತೆರೆಯುತ್ತಿತ್ತು. ಆದರೆ 2012ರ ಸಿಎಸ್6 ಆವೃತ್ತಿಗೇ ಅದು ಮುಗಿಯಿತು. ಇಂದು ನೀವು ಚಂದಾ ಕಟ್ಟಿ ಪಡೆಯುವ ಇನ್‌ಡಿಸೈನ್‌ಗೆ ಪೇಜ್‌ಮೇಕರ್ ಫೈಲ್ ಓದಲು ಬರುವುದಿಲ್ಲ. ಅದಕ್ಕೆಂದು ಚಂದಾ ಕಟ್ಟಬೇಡಿ.

ದಾರಿಗಳು ಮೂರು. ಎಲ್ಲಕ್ಕಿಂತ ಒಳ್ಳೆಯದು ಪೇಜ್‌ಮೇಕರ್ ಇನ್ನೂ ಓಡುವ ಯಂತ್ರ ಹುಡುಕುವುದು. ಶಿವಮೊಗ್ಗದಂಥ ಊರಿನ ಹಳೆಯ ಪ್ರೆಸ್‌ಗಳಲ್ಲಿ ಮೂಲೆಯಲ್ಲೊಂದು ವಿಂಡೋಸ್ ಎಕ್ಸ್‌ಪಿ ಯಂತ್ರವನ್ನು ಇದಕ್ಕಾಗಿಯೇ ಉಳಿಸಿಕೊಂಡವರು ಸಿಗುತ್ತಾರೆ. ತಂದೆಯವರ ಜೊತೆ ಕೆಲಸ ಮಾಡಿದವರನ್ನು ಮೊದಲು ವಿಚಾರಿಸಿ. ಅದು ಸಿಗದಿದ್ದರೆ ಸಿಎಸ್6 ಅಥವಾ ಅದಕ್ಕೂ ಹಿಂದಿನ ಇನ್‌ಡಿಸೈನ್ ಇರುವವರು. ಅದೂ ಇಲ್ಲದಿದ್ದರೆ ಉಚಿತವಾಗಿ ಸಿಗುವ ಲಿಬ್ರೆ ಆಫೀಸಿನ ಡ್ರಾ. ಪೇಜ್‌ಮೇಕರ್ ಫೈಲನ್ನು ಅದು ತಕ್ಕಮಟ್ಟಿಗೆ ತೆರೆಯುತ್ತದೆ. ಪುಟದ ಅಂದ ಕೆಡಬಹುದು, ಸಾಲುಗಳು ಒಂದರ ಮೇಲೊಂದು ಕೂರಬಹುದು. ನಿಮಗೆ ಬೇಕಿರುವುದು ಪಠ್ಯವಾದ್ದರಿಂದ ಅಷ್ಟು ಸಿಕ್ಕರೂ ಸಾಕಾದೀತು. ನಾನಾಗಿದ್ದರೆ ಇದನ್ನು ಇವತ್ತೇ ಮನೆಯಲ್ಲಿ ನೋಡಿಕೊಂಡು, ಆಮೇಲೆ ಊರು ಸುತ್ತಲು ಹೊರಡುತ್ತಿದ್ದೆ.

ಪೇಜ್‌ಮೇಕರ್ ಇರುವ ಯಂತ್ರದಲ್ಲಿ ಫೈಲ್ ತೆರೆದ ಕೂಡಲೇ ಒಂದು ಚೌಕ ಏಳಬಹುದು: ಇಂತಿಂಥ ಫಾಂಟ್ ಇಲ್ಲ, ಬದಲಿಗೆ ಇಂಥದ್ದು ಹಾಕಲೇ ಎಂದು. ಎಲ್ಲರೂ ಅದನ್ನು ಓಕೆ ಒತ್ತಿ ಕಳಿಸಿಬಿಡುತ್ತಾರೆ. ನೀವು ಹಾಗೆ ಮಾಡದೆ ಮೊಬೈಲಿನಲ್ಲಿ ಅದರ ಫೋಟೊ ತೆಗೆದುಕೊಳ್ಳಿ. ಸಂಚಿಕೆಯ ಕನ್ನಡ ಯಾವ ಫಾಂಟಿನಲ್ಲಿದೆ ಎಂಬುದಕ್ಕೆ ಅದೇ ದಾಖಲೆ, ಮುಂದಿನ ಹೆಜ್ಜೆಗೆ ಅದು ಬೇಕೇ ಬೇಕು. ಫೋಟೊಗಳ ಜಾಗದಲ್ಲಿ ಖಾಲಿ ಚೌಕವೋ ಮಸುಕು ಚಿತ್ರವೋ ಕಂಡರೆ ಗಾಬರಿ ಬೇಡ. ದೊಡ್ಡ ಚಿತ್ರವನ್ನು ಫೈಲಿನೊಳಗೇ ಸೇರಿಸಲೇ ಎಂದು ಪೇಜ್‌ಮೇಕರ್ ಕೇಳುತ್ತಿತ್ತು, ಬೇಡ ಎಂದವರೇ ಹೆಚ್ಚು. ಮೂಲ ಚಿತ್ರಗಳು ಟಿಫ್ ಫೈಲುಗಳಾಗಿ ಅದೇ ಸಿಡಿಯ ಬೇರೆ ಫೋಲ್ಡರಿನಲ್ಲಿ ಇದ್ದಾವು, ಹುಡುಕಿ.

ಪಠ್ಯ ಹೊರತೆಗೆಯಲು ಟೆಕ್ಸ್ಟ್ ಟೂಲ್ ಹಿಡಿದು ಲೇಖನದೊಳಗೆ ಒಮ್ಮೆ ಕ್ಲಿಕ್ ಮಾಡಿ, ಫೈಲ್ ಮೆನುವಿನ ಎಕ್ಸ್‌ಪೋರ್ಟ್‌ಗೆ ಹೋಗಿ. ಕೊಂಡಿಯಾಗಿ ಹರಿದ ಒಂದು ಲೇಖನ ಎಷ್ಟೇ ಪುಟ ದಾಟಿದ್ದರೂ ಒಂದೇ ಫೈಲಾಗಿ ಬರುತ್ತದೆ. ಆದರೆ ಬೇರೆ ಲೇಖನಕ್ಕೆ ಬೇರೆಯಾಗಿಯೇ ಕ್ಲಿಕ್ ಮಾಡಬೇಕು. ಪಟ್ಟಿಯಲ್ಲಿ ರಿಚ್ ಟೆಕ್ಸ್ಟ್ ಇದ್ದರೆ ಅದನ್ನೇ ಆರಿಸಿ. ಬರೀ ಟೆಕ್ಸ್ಟ್ ಬೇಡ. ಯಾಕೆ ಎಂದು ಈಗ ಹೇಳುತ್ತೇನೆ. ಜೊತೆಗೆ ಇಡೀ ಸಂಚಿಕೆಯನ್ನು ಪಿಡಿಎಫ್ ಕೂಡ ಮಾಡಿಸಿಕೊಳ್ಳಿ, ಪುಟ ಹೇಗಿತ್ತು ಎಂದು ನೋಡಿಕೊಳ್ಳಲು.

ಹೊರಬಂದ ಪಠ್ಯವನ್ನು ನೀವು ತೆರೆಯುತ್ತೀರಿ, ಅಲ್ಲಿ ಒಂದಕ್ಷರ ಕನ್ನಡ ಇರುವುದಿಲ್ಲ. ಇಂಗ್ಲಿಷ್ ಅಕ್ಷರ, ಪೌಂಡ್ ಚಿಹ್ನೆ, ತಲೆಯ ಮೇಲೆ ಓರೆಗೆರೆ ಹೊತ್ತ ಎ, ಇಂಥವುಗಳ ಸಂತೆ. ಇದಕ್ಕೆ ಹೆದರಿ ಫೈಲ್ ಎಸೆದವರು ಬಹಳ ಮಂದಿ. ಇದು ಕಸವಲ್ಲ, ನಿಮ್ಮ ತಂದೆಯವರು ಟೈಪ್ ಮಾಡಿದ್ದೇ.

ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಯೂನಿಕೋಡ್ (ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಜಾಗತಿಕ ಪದ್ಧತಿ) ಕನ್ನಡ ಫಾಂಟ್ ಬಂದಿತ್ತಾದರೂ ಪೇಜ್‌ಮೇಕರ್‌ಗೆ ಯೂನಿಕೋಡ್ ಕನ್ನಡ ಗೊತ್ತಿರಲಿಲ್ಲ. ಹಾಗಾಗಿ ನುಡಿ, ಬರಹ, ಶ್ರೀಲಿಪಿ, ಆಕೃತಿ, ಪ್ರಕಾಶಕ್ ಮುಂತಾದ ಕನ್ನಡ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದವು. ನುಡಿ ಫಾಂಟಿನಲ್ಲಿ ‘ಕನ್ನಡ’ ಎಂಬ ಪದ ಫೈಲಿನೊಳಗೆ ಏಳು ಚಿಹ್ನೆಗಳಾಗಿ ಕೂತಿರುತ್ತದೆ: ದೊಡ್ಡ ಪಿ, ಓರೆಗೆರೆಯ ಎ, ಪೌಂಡ್, ಮತ್ತೆ ಓರೆಗೆರೆಯ ಎ, ಜರ್ಮನ್ ಭಾಷೆಯ ಜೋಡಿ ಎಸ್, ಸಣ್ಣ ಕ್ಯೂ, ಮತ್ತೊಮ್ಮೆ ಅದೇ ಎ. ಪಿ ಇದ್ದಲ್ಲಿ ತಲೆಕಟ್ಟಿಲ್ಲದ ಕ, ಓರೆಗೆರೆಯ ಎ ಇದ್ದಲ್ಲಿ ತಲೆಕಟ್ಟು, ಜೋಡಿ ಎಸ್ ಇದ್ದಲ್ಲಿ ನ ಒತ್ತು. ಪರದೆಯ ಮೇಲೆ ಇವೆಲ್ಲ ಸೇರಿ ಕನ್ನಡವಾಗಿ ಕಾಣುತ್ತಿದ್ದವು, ಆ ಫಾಂಟ್ ಇರುವವರೆಗೆ. ಫೈಲಿನ ಬಗೆಯನ್ನು ನೀವು ಎಷ್ಟು ಸಲ ಬದಲಿಸಿದರೂ, ಪಿಎಂಡಿಯಿಂದ ಆರ್‌ಟಿಎಫ್, ಅಲ್ಲಿಂದ ಡಾಕ್ಸ್, ಅಲ್ಲಿಂದ ಪಿಡಿಎಫ್, ಒಳಗೆ ಈ ಏಳು ಚಿಹ್ನೆಗಳೇ ಉಳಿಯುತ್ತವೆ. ಕಣ್ಣಿಗೆ ಚೆಂದ ಕಾಣುವ ಕನ್ನಡ ಪಿಡಿಎಫ್‌ನಿಂದ ನಾಲ್ಕು ಸಾಲು ಕಾಪಿ ಮಾಡಿ ವಾಟ್ಸ್‌ಆ್ಯಪಿಗೆ ಹಾಕಿದರೆ ಅಲ್ಲಿ ಇಂಗ್ಲಿಷ್ ಸಂತೆ ಸುರಿಯುವುದು ಇದೇ ಕಾರಣಕ್ಕೆ.

ಆದ್ದರಿಂದ ಫೈಲಿನ ಪರಿವರ್ತನೆ ಬೇರೆ, ಅಕ್ಷರದ ಪರಿವರ್ತನೆ ಬೇರೆ. ಎರಡನೆಯದಕ್ಕೆ ‘ಆಸ್ಕಿಯಿಂದ ಯೂನಿಕೋಡ್’ (ಆಸ್ಕಿ ಎಂದರೆ ಇಲ್ಲಿ ಆ ಹಳೆಯ ಫಾಂಟುಗಳ ಪದ್ಧತಿ) ಪರಿವರ್ತಕಗಳಿವೆ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಜೊತೆಗೂ ಬರಹದ ಜೊತೆಗೂ ಬರುತ್ತವೆ, ಉಚಿತವಾಗಿಯೂ ಸಿಗುತ್ತವೆ. ಯಾವುದನ್ನು ಬಳಸಬೇಕು ಎಂಬುದನ್ನು ಹೇಳುವುದು ಆ ಫಾಂಟ್ ಪಟ್ಟಿಯ ಫೋಟೊ. ‘ನುಡಿ’ ಅಥವಾ ‘ಬಿಆರ್‌ಎಚ್’ ಎಂದು ಶುರುವಾದರೆ ನಿಮ್ಮ ಅದೃಷ್ಟ: ಎರಡರ ಅಕ್ಷರ ಹೊಂದಿಕೆ ಬಹುಮಟ್ಟಿಗೆ ಒಂದೇ, ಸಾಮಾನ್ಯ ಪರಿವರ್ತಕಗಳೆಲ್ಲ ಅದನ್ನು ಬಲ್ಲವು. ‘ಶ್ರೀ’ ಎಂದು ಶುರುವಾದರೆ ಅದು ಶ್ರೀಲಿಪಿ, ಅದರ ಹೊಂದಿಕೆಯೇ ಬೇರೆ. ನುಡಿಯ ಪರಿವರ್ತಕಕ್ಕೆ ಶ್ರೀಲಿಪಿ ಪಠ್ಯ ಹಾಕಿದರೆ ಹೊರಬರುವುದು ಕನ್ನಡ ಲಿಪಿಯಲ್ಲೇ ಇರುತ್ತದೆ, ಆದರೆ ಯಾರೂ ಕೇಳರಿಯದ ಕನ್ನಡವಾಗಿರುತ್ತದೆ. ಅದಕ್ಕೆಂದೇ ಇರುವ ಪರಿವರ್ತಕ ಬೇಕು.

ರಿಚ್ ಟೆಕ್ಸ್ಟ್ ಎಂದು ಒತ್ತಿ ಹೇಳಿದ್ದು ಏಕೆಂದರೆ, ಅದರಲ್ಲಿ ಯಾವ ಪದ ಯಾವ ಫಾಂಟಿನಲ್ಲಿದೆ ಎಂಬ ಮಾಹಿತಿಯೂ ಉಳಿಯುತ್ತದೆ. ಸಂಚಿಕೆಯಲ್ಲಿ ನಿಜವಾದ ಇಂಗ್ಲಿಷ್ ಪದಗಳೂ ಇರುತ್ತವಲ್ಲ, ಹಳೆಯ ವಿದ್ಯಾರ್ಥಿಗಳ ಪದವಿಗಳು, ವಿಳಾಸಗಳು? ಬರೀ ಟೆಕ್ಸ್ಟ್ ಮಾಡಿದರೆ ಕನ್ನಡದ ಪಿ ಯಾವುದು, ಇಂಗ್ಲಿಷಿನ ಪಿ ಯಾವುದು ಎಂದು ಪರಿವರ್ತಕಕ್ಕೆ ತಿಳಿಯುವ ಬಗೆಯೇ ಇಲ್ಲ. ಎಲ್ಲವನ್ನೂ ಕನ್ನಡ ಮಾಡಿ ಕೂರುತ್ತದೆ. ಫಾಂಟ್ ನೋಡಿ ಪರಿವರ್ತಿಸುವ ಆಯ್ಕೆ ಇರುವ ಪರಿವರ್ತಕ ಸಿಕ್ಕರೆ ಬಿಡಬೇಡಿ.

ಪರಿವರ್ತನೆ ಆದ ಮೇಲೆ ಮೊದಲು ಅರ್ಕಾವೊತ್ತುಗಳನ್ನು ನೋಡಿ. ಹಳೆಯ ಫಾಂಟಿನಲ್ಲಿ ‘ಕರ್ನಾಟಕ’ ಕೂತಿರುವ ಕ್ರಮ: ಕ, ನಾ, ಅರ್ಕಾವೊತ್ತು, ಟ, ಕ. ಕಣ್ಣಿಗೆ ಕಾಣುವ ಕ್ರಮವೂ ಅದೇ. ಯೂನಿಕೋಡಿನಲ್ಲಿ ಉಚ್ಚಾರದ ಕ್ರಮ, ಅಂದರೆ ರಕಾರ ಮೊದಲು, ನಾ ಆಮೇಲೆ. ಈ ಅದಲುಬದಲು ಮಾಡಲು ಬಾರದ ಪರಿವರ್ತಕ ‘ಕನಾರ್ಟಕ’ ಎಂದು ಬರೆಯುತ್ತದೆ. ವರ್ಷ ‘ವಷರ್’ ಆಗುತ್ತದೆ, ಕಾರ್ಯಕ್ರಮ ‘ಕಾಯರ್ಕ್ರಮ’ ಆಗುತ್ತದೆ. ಜಾಲತಾಣಗಳಲ್ಲಿ ಇಂಥವನ್ನು ನೀವು ನೋಡಿಯೇ ಇರುತ್ತೀರಿ. ಬರೆದವರಿಗೆ ಕನ್ನಡ ಬಾರದು ಎಂದು ಓದುಗರು ಬೈಯುತ್ತಾರೆ, ತಪ್ಪು ಯಂತ್ರದ್ದು. ಪಠ್ಯದಲ್ಲಿ ‘ವಷರ್’ ಎಂದು ಹುಡುಕಿ. ಒಂದು ಸಿಕ್ಕರೂ ಆ ಪರಿವರ್ತಕವನ್ನು ಬಿಟ್ಟು ಬೇರೊಂದನ್ನು ಹಿಡಿಯಿರಿ. ಒಂದೊಂದನ್ನೇ ಕೈಯಿಂದ ತಿದ್ದುತ್ತ ಕೂರಬೇಡಿ.

ಎಲ್ಲ ಸರಿಹೋದರೂ ಒಮ್ಮೆ ಮುದ್ರಿತ ಸಂಚಿಕೆ ಎದುರಿಗಿಟ್ಟು ಕರಡು ತಿದ್ದಲೇಬೇಕು. ಮುದ್ರಿತ ಪ್ರತಿ ಇದೆ ಎಂದರೆ ಇನ್ನೊಂದು ದಾರಿಯೂ ಇದೆ ಎಂದಾಯಿತು. ಬೇಕಾದ ಪುಟಗಳನ್ನು ಚೆನ್ನಾಗಿ ಸ್ಕ್ಯಾನ್ ಮಾಡಿ ಗೂಗಲ್ ಡ್ರೈವಿಗೆ ಹಾಕಿ, ಗೂಗಲ್ ಡಾಕ್ಸಿನಲ್ಲಿ ತೆರೆದರೆ ಚಿತ್ರದಲ್ಲಿರುವ ಕನ್ನಡವನ್ನು ಅದು ಯೂನಿಕೋಡ್ ಪಠ್ಯವಾಗಿ ಓದಿಕೊಡುತ್ತದೆ. ಸೇರಿಸಬೇಕಾದ್ದು ನಾಲ್ಕಾರು ಲೇಖನ ಮಾತ್ರ ಎಂದಾದರೆ, ನಿಜ ಹೇಳಬೇಕೆಂದರೆ, ಪೇಜ್‌ಮೇಕರ್ ಯಂತ್ರ ಹುಡುಕುವುದಕ್ಕಿಂತ ಇದು ಬೇಗ ಮುಗಿಯುತ್ತದೆ.

ಸಿಡಿಆರ್ ಫೈಲ್ ಕೋರೆಲ್‌ಡ್ರಾದ್ದು, ಬಹುಶಃ ಮುಖಪುಟ. ನಿಮ್ಮೂರಿನ ಫ್ಲೆಕ್ಸ್ ಅಂಗಡಿಯಲ್ಲಿ ಕೋರೆಲ್‌ಡ್ರಾ ಇದ್ದೇ ಇರುತ್ತದೆ. ಫಾಂಟುಗಳನ್ನೂ ಜೊತೆಗೆ ಒಯ್ಯಿರಿ. ಸಿಡಿಯಲ್ಲಿ ಟಿಟಿಎಫ್ ಎಂದು ಕೊನೆಯಾಗುವ ಫೈಲುಗಳಿದ್ದರೆ ಅವೇ ಫಾಂಟುಗಳು. ತೆರೆದು, ಅಕ್ಷರಗಳನ್ನೆಲ್ಲ ಕರ್ವ್ ಮಾಡಿಸಿ (ಅಂದರೆ ಫಾಂಟ್ ಬೇಡದ ಬರೀ ಆಕಾರಗಳಾಗಿಸಿ), ಪಿಡಿಎಫ್ ತೆಗೆಸಿಕೊಳ್ಳಿ. ಕರ್ವ್ ಆದ ಅಕ್ಷರವನ್ನು ಮತ್ತೆ ತಿದ್ದಲಾಗದು. ಹಾಗಾಗಿ ಮೂಲ ಸಿಡಿಆರ್ ಕೂಡ ಇರಲಿ. ಮನೆಯಲ್ಲೇ ನೋಡಬೇಕೆಂದರೆ ಇಂಕ್‌ಸ್ಕೇಪ್, ಲಿಬ್ರೆ ಆಫೀಸ್ ಡ್ರಾ ಎರಡೂ ಸಿಡಿಆರ್ ತೆರೆಯುತ್ತವೆ.

ಡಿಎಟಿ ಎಂಬುದು ಯಾರು ಬೇಕಾದರೂ ಇಡುವ ಹೆಸರು. ಔಟ್‌ಲುಕ್ ಮೇಲಿನ ಜೊತೆ ಬರುವ ‘ವಿನ್‌ಮೇಲ್’ ಕೂಡ ಡಿಎಟಿಯೇ, ಎಷ್ಟೋ ಪ್ರೋಗ್ರಾಂಗಳು ತಮ್ಮ ಸ್ವಂತ ಮಾಹಿತಿಯನ್ನೂ ಅದೇ ಹೆಸರಲ್ಲಿ ಬರೆದಿಡುತ್ತವೆ. ಆದರೆ ಸಿಡಿಯಲ್ಲಿ ‘ಎಂಪೆಗ್‌ಎವಿ’ ಎಂಬ ಫೋಲ್ಡರ್ ಇದ್ದು, ಅದರೊಳಗೆ ‘ಎವಿಸೆಕ್’ ಎಂದು ಶುರುವಾಗುವ ಡಿಎಟಿ ಇದ್ದರೆ ಸಂಶಯವೇ ಬೇಡ, ಅದು ವಿಡಿಯೊ ಸಿಡಿ. ಮದುವೆ ಕ್ಯಾಸೆಟ್ಟುಗಳ ಕಾಲ ಮುಗಿದು ಡಿವಿಡಿ ಬರುವ ನಡುವೆ ಊರೂರ ವಿಡಿಯೊಗ್ರಾಫರುಗಳು ಕೊಡುತ್ತಿದ್ದದ್ದು ಇದನ್ನೇ. ನಿಮ್ಮದು ಸುವರ್ಣ ಮಹೋತ್ಸವದ ಸಮಾರಂಭವೇ ಇದ್ದರೂ ಇರಬಹುದು. ವಿಎಲ್‌ಸಿ ಪ್ಲೇಯರ್ ಹಾಕಿಕೊಂಡು ಫೈಲನ್ನು ಅದರ ಕಿಟಕಿಗೆ ಎಳೆದು ಬಿಡಿ, ಓಡುತ್ತದೆ. ವಿಎಲ್‌ಸಿಯ ಮೀಡಿಯಾ ಮೆನುವಿನಲ್ಲಿರುವ ‘ಕನ್ವರ್ಟ್’ನಿಂದ ಎಂಪಿ4 ಮಾಡಿಕೊಂಡರೆ ಫೋನಿಗೂ ಹೋಗುತ್ತದೆ. ಚಿತ್ರದ ಅಳತೆ 352ಕ್ಕೆ 288 ಚುಕ್ಕಿ ಮಾತ್ರ. ಎಚ್‌ಡಿ ಮಾಡಿಕೊಡುತ್ತೇವೆ ಎನ್ನುವವರಿಗೆ ದುಡ್ಡು ಕೊಡಬೇಡಿ. ಮೂಲ ಡಿಎಟಿಯನ್ನು ಅಳಿಸದೆ ಇಟ್ಟುಕೊಳ್ಳಿ.

ಆನ್‌ಲೈನ್ ಕನ್ವರ್ಟರ್ ವಿಚಾರ. ಐಫೋನಿನ ಹೀಕ್ ಫೋಟೊವನ್ನು ಜೆಪೆಗ್ ಮಾಡುವಂಥ ಚಿಲ್ಲರೆ ಕೆಲಸಕ್ಕೆ ಹೆಸರಿರುವ ತಾಣ ಪರವಾಗಿಲ್ಲ, ಫೋಟೊ ಖಾಸಗಿಯದಲ್ಲದಿದ್ದರೆ. ಆಧಾರ್, ಪಹಣಿ, ಬ್ಯಾಂಕಿನ ಕಾಗದಗಳನ್ನು ಮಾತ್ರ ಯಾವ ತಾಣಕ್ಕೂ ಏರಿಸಬೇಡಿ. ನಿಮ್ಮ ಪಿಎಂಡಿಗೆ ಅವು ಪ್ರಯೋಜನಕ್ಕೂ ಬಾರವು: ಬಹುತೇಕ ತಾಣಗಳಿಗೆ ಪೇಜ್‌ಮೇಕರ್ ಗೊತ್ತಿಲ್ಲ, ನುಡಿ ಫಾಂಟಂತೂ ಇಲ್ಲವೇ ಇಲ್ಲ. ‘ಯಾವ ಫೈಲನ್ನಾದರೂ ತೆರೆಯುವ’ ಉಚಿತ ಪ್ರೋಗ್ರಾಂ ಇಳಿಸಿಕೊಳ್ಳಿ ಎನ್ನುವ ಜಾಹೀರಾತುಗಳ ಹತ್ತಿರ ಸುಳಿಯಲೇಬೇಡಿ. ಉಚಿತ ಕನ್ವರ್ಟರುಗಳ ವೇಷದಲ್ಲಿ ವೈರಸ್ ಹಂಚುವವರ ಬಗ್ಗೆ ಅಮೆರಿಕದ ಎಫ್‌ಬಿಐಯ ಡೆನ್ವರ್ ಕಚೇರಿ 2025ರ ಮಾರ್ಚಿನಲ್ಲಿ ಎಚ್ಚರಿಕೆ ಹೊರಡಿಸಿತ್ತು.

ಇಷ್ಟೆಲ್ಲ ಹೊರಡುವ ಮೊದಲು ಹೊಸ ಸಂಚಿಕೆ ಅಚ್ಚು ಮಾಡುವ ಪ್ರೆಸ್‌ಗೆ ಒಂದು ಫೋನ್ ಮಾಡಿ, ಪಠ್ಯ ಯೂನಿಕೋಡಿನಲ್ಲಿ ಬೇಕೋ ನುಡಿಯಲ್ಲಿ ಬೇಕೋ ಎಂದು ಕೇಳಿ. ನುಡಿಯಲ್ಲೇ ಕೊಡಿ ಎನ್ನುವ ಪ್ರೆಸ್‌ಗಳು ಈಗಲೂ ಇವೆ. ಇನ್‌ಡಿಸೈನ್‌ನಲ್ಲಿ ‘ವರ್ಲ್ಡ್ ರೆಡಿ’ ಎಂಬ ಕಂಪೋಸರ್ (ಅಕ್ಷರ ಜೋಡಿಸುವ ವಿಧಾನ) ಆರಿಸದಿದ್ದರೆ ಯೂನಿಕೋಡ್ ಕನ್ನಡದ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗುತ್ತವೆ, ಅದನ್ನು ಕಂಡು ಹಲವರು ಹಳೆಯದಕ್ಕೇ ಅಂಟಿಕೊಂಡಿದ್ದಾರೆ. ನಿಮ್ಮ ಪ್ರೆಸ್ಸಿನವರು ಅಂಥವರಾಗಿದ್ದು, ಸಂಚಿಕೆಯೂ ನುಡಿ ಫಾಂಟಿನಲ್ಲೇ ಇದ್ದರೆ, ಆರ್‌ಟಿಎಫ್ ಫೈಲುಗಳನ್ನು ಇದ್ದಂತೆಯೇ ಕೊಟ್ಟುಬಿಡಿ. ಅಚ್ಚಿಗಾಗಿ ಪರಿವರ್ತನೆಯ ಅಗತ್ಯವೇ ಇಲ್ಲ. ಯೂನಿಕೋಡ್ ಪ್ರತಿಯನ್ನು ಆಮೇಲೆ ಬಿಡುವಾಗಿ, ಶಾಲೆಯ ಕಂಪ್ಯೂಟರಿನಲ್ಲಿ ಇಡಲೆಂದು ಮಾಡಿಕೊಳ್ಳಬಹುದು.